ಅರ್ಧ ಕೇಳಿದ ಪುಸ್ತಕ

ಮಳೆ ಬಂದರೆ ನಮ್ಮ ಕೆಲಸ ನಿಲ್ಲುತ್ತದೆ. ಧ್ವನಿಮುದ್ರಣವನ್ನೇ ಕಸುಬಾಗಿಸಿಕೊಂಡ ನಮ್ಮಂಥವರಿಗೂ ಆಕಾಶಕ್ಕೂ ಇರುವ ಒಪ್ಪಂದ ಇಷ್ಟೇ: ಅದು ಮಾತಾಡುವಾಗ ನಾವು ಬಾಯಿ ಮುಚ್ಚಿಕೊಂಡಿರಬೇಕು. ಆ ಸಂಜೆ ನಮ್ಮ ಮೂರನೆಯ ಮಹಡಿಯ ಸ್ಟುಡಿಯೋದಲ್ಲಿ ಒಂದು ರೇಡಿಯೋ ನಾಟಕದ ಕೊನೆಯ ದೃಶ್ಯ ನಡೆದಿತ್ತು. ಪಕ್ಕದ ಗ್ಯಾರೇಜಿನ ತಗಡಿನ ಮಾಡಿನ ಮೇಲೆ ಮಳೆ ಬಿದ್ದದ್ದೇ ತಡ, ಗಾಜಿನ ಈಚೆ ಕುಳಿತಿದ್ದ ನಾನು ಕೈ ಎತ್ತಿ ಎಲ್ಲವನ್ನೂ ನಿಲ್ಲಿಸಿದೆ.

"ನೆಮ್ಮದಿಯಾಗಿ ಸಾಯೋಕೂ ಬಿಡಲ್ವಲ್ಲಪ್ಪ ಈ ಮಳೆ!" ಎಂದು ಗೊಣಗುತ್ತ ವಿಲನ್ ಮಾವ ಹೊರಬಂದರು. ಗುಡುಗಿನಂಥ ಕಂಠದ ಈ ನಟರು ಯಾವ ನಾಟಕದಲ್ಲೂ ಕೊನೆಯವರೆಗೆ ಬದುಕಿದವರಲ್ಲ. ಅವರ ಹಿಂದೆಯೇ ಬಂದವಳು ಗುಬ್ಬಿ. ನಮ್ಮಲ್ಲಿ ಹೊಸದಾಗಿ ಸೇರಿದ ಧ್ವನಿ ಕಲಾವಿದೆ. ಬಾಗಿಲ ಬಳಿ ಕುಳಿತು ಅದರ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸುತ್ತಿದ್ದವರು ಗೋಡೆ ತಾತ. ಸ್ಟುಡಿಯೋಗಳ, ಸಭಾಂಗಣಗಳ ಗೋಡೆಗಳಿಗೆ ಶಬ್ದದ ಶಿಸ್ತು ಕಲಿಸುವುದರಲ್ಲಿ ಆಯುಷ್ಯ ಕಳೆದ ಹಿರಿಯರು. ಫ್ಲಾಸ್ಕಿನಲ್ಲಿದ್ದ ಚಹಾ ನಾಲ್ಕು ಲೋಟಗಳಿಗೆ ಹಂಚಿಕೆಯಾಯಿತು.

"ಸೋಮವಾರದಿಂದ ನಾನು ಸಿಗಲ್ಲ ಸಾರ್," ಎಂದಳು ಗುಬ್ಬಿ, ಸ್ವಲ್ಪ ಜಂಬದಿಂದಲೇ. "ಪುಸ್ತಕ ಓದಿ ರೆಕಾರ್ಡ್ ಮಾಡ್ತಾರಲ್ಲ, ಆ ಓದುವಮ್ಮ... ಅವರ ಗಂಟಲು ಕೆಟ್ಟಿದೆಯಂತೆ. ಅವರ ಬದಲು ಓದೋಕೆ ನನ್ನ ಕರೆದಿದ್ದಾರೆ. ಮನೆಯ ಬೇಸ್‌ಮೆಂಟಲ್ಲೇ ಸ್ಟುಡಿಯೋ, ಹೋಗಿ ನೋಡ್ಕೊಂಡು ಬಂದೆ. ತಾತ, ಅಲ್ಲಿ ಒಂದೇ ಒಂದು ಪ್ಯಾನೆಲ್ ಇಲ್ಲ ಗೊತ್ತಾ? ಶಬ್ದ ಹೀರೋಕೆ ಅಂತ ಇರೋದು ಒಂದು ಕಪಾಟು, ಗೋಡೆಗೆ ಒರಗಿಸಿದ ಒಂದು ಹಳೇ ಹಾಸಿಗೆ, ಅಷ್ಟೇ. ಆದರೂ ಮಾತಾಡಿದ್ರೆ ಚೂರೂ ಮೊಳಗಲ್ಲ. ನಿಮ್ಮ ಅಂಗಡಿ ಮುಚ್ಚಿಸೋ ರೂಮು ಅದು!"

ನಾವು ನಕ್ಕೆವು. ತಾತ ನಗಲಿಲ್ಲ. ಅಂಟಿನ ಟ್ಯೂಬಿಗೆ ಮುಚ್ಚಳ ಹಾಕಿ ಕೈ ಒರೆಸಿಕೊಂಡರು.

"ಅಡುಗೆಮನೆ ಪಕ್ಕದಿಂದ ಮೆಟ್ಟಿಲು ಇಳಿಯುತ್ತಲ್ಲ, ಆ ರೂಮಾ?"

"ಹೌದು ತಾತ. ನಿಮಗೆ ಗೊತ್ತಾ?"

ಅವರು ಕುರ್ಚಿಯನ್ನು ನಮ್ಮ ಕಡೆಗೆ ಎಳೆದುಕೊಂಡರು. ಹೊರಗೆ ಮಳೆ ಇನ್ನೂ ಜೋರಾಯಿತು. ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.

*

ನೋಡಿ, ನಾನು ದೆವ್ವ ಭೂತ ಅಂತ ನಂಬೋ ಜಾತಿಯವನಲ್ಲ. ನನ್ನ ಕಸುಬಲ್ಲಿ ಎಲ್ಲಕ್ಕೂ ಕಾರಣ ಇರುತ್ತೆ. ಎಲ್ಲೋ ಗುಂಯ್ ಅಂತು ಅಂದ್ರೆ ಪೈಪ್ ಇರುತ್ತೆ, ಕಿರ್ ಅಂತು ಅಂದ್ರೆ ಸ್ಕ್ರೂ ಸಡಿಲ ಇರುತ್ತೆ. ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ, ಆ ಕಿವಿ ಹಿಂಡೋನು ನಾನು... ಆದರೆ ಆ ಬೇಸ್‌ಮೆಂಟಲ್ಲಿ ನನಗೆ ಪೈಪೂ ಸಿಗಲಿಲ್ಲ, ಸ್ಕ್ರೂನೂ ಸಿಗಲಿಲ್ಲ.

ಆ ಮನೇಲಿ ಇದ್ದವರು ಇಬ್ಬರೇ, ಗಂಡ ಹೆಂಡತಿ. ಆಯಮ್ಮ ಓದೋರು, ಯಜಮಾನರು ಲಿಫ್ಟ್ ರಿಪೇರಿ ಮಾಡ್ತಿದ್ದು ರಿಟೈರ್ ಆದವರು. ಭಾರಿ ಆಳು, ಬೇಸಿಗೇಲೂ ಸ್ವೆಟರ್ ಬಿಡದ ಮನುಷ್ಯ. ಜನ್ಮದಲ್ಲಿ ಒಂದು ಪುಸ್ತಕ ಕೈಯಲ್ಲಿ ಹಿಡಿದವರಲ್ಲ. ಕೇಳಿದ್ರೆ, "ಮನೇಲೇ ಓದೋ ಬಾಯಿ ಇರುವಾಗ ನಾನ್ಯಾಕೆ ಕಣ್ಣು ಸವೆಸಲಿ?" ಅಂತಿದ್ರಂತೆ. ಆಯಮ್ಮ ಓದೋಕೆ ಕೂತ್ರೆ ಇವರದು ಒಂದು ಕ್ರಮ. ಮೇಲೆ ಫ್ರಿಜ್ ಗುಂಯ್ ಅನ್ನಬಾರದಲ್ಲ, ಅದನ್ನ ಆಫ್ ಮಾಡೋದು. ಆಮೇಲೆ ಆನ್ ಮಾಡೋಕೆ ಮರೀಬಾರದು ಅಂತ ಮನೆ ಬೀಗದ ಕೈನ ಫ್ರಿಜ್ ಒಳಗೇ ಇಟ್ಟುಬಿಡೋದು. ಹೊರಗೆ ಹೋಗಬೇಕು ಅಂದ್ರೆ ಫ್ರಿಜ್ ತೆಗೀಲೇಬೇಕು ನೋಡಿ, ಹಾಗೆ. ಆಮೇಲೆ ಚಪ್ಪಲಿ ಮೇಲೇ ಬಿಟ್ಟು, ಮೆಟ್ಟಿಲಿಳಿದು, ಮೂಲೇಲಿದ್ದ ಮರದ ಕುರ್ಚಿಯಲ್ಲಿ ಉಸಿರು ಹಿಡಿದು ಕೂತು ಕೇಳೋದು. ಪ್ರತಿ ಪುಸ್ತಕ, ಪ್ರತಿ ಪುಟ. ಮುಂದೇನಾಗುತ್ತೆ ಅಂತ ಆಯಮ್ಮ ಮೊದಲೇ ಹೇಳ್ತಿರಲಿಲ್ಲ, ಇವರೂ ಇಣುಕಿ ನೋಡ್ತಿರಲಿಲ್ಲ. ಅದು ಇಬ್ಬರ ಆಟ.

ಆಗ ಒಂದು ದಪ್ಪ ಕಾದಂಬರಿ ನಡೀತಿತ್ತು. ಮನೆ ಬಿಟ್ಟುಹೋದ ತಮ್ಮನಿಗಾಗಿ ಒಂದು ಮನೆಯವರೆಲ್ಲ ಕಾಯೋ ಕತೆ. ಅರ್ಧ ಆಗಿತ್ತು. ಊಟಕ್ಕೆ ಕೂತಾಗ ಯಜಮಾನರು ಕೇಳಿದ್ರಂತೆ, "ಅಲ್ಲ ಕಣೇ, ಆ ತಮ್ಮ ವಾಪಸ್ ಬರ್ತಾನಾ ಇಲ್ವಾ? ಅಷ್ಟು ಹೇಳು ಸಾಕು." ಆಯಮ್ಮ, "ನಾಳೆ ಕೇಳಿ," ಅಂದ್ರಂತೆ.

ಬೆಳಗ್ಗೆ ಯಜಮಾನರು ಏಳಲಿಲ್ಲ.

ಆಯಮ್ಮ ಅಳಲಿಲ್ಲ. ಬಂದವರು, "ಗಟ್ಟಿಗಿತ್ತಿ" ಅಂದ್ರು. ಗಟ್ಟಿ ಎಲ್ಲಿ ಬಂತು? ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡ ಮೇಲೆ ಏನು ತಿಂದ್ರೂ ರುಚಿ ತಿಳಿಯಲ್ವಲ್ಲ, ಆ ತರ ಆಗಿದ್ರು ಆಯಮ್ಮ, ಒಳಗೂ ಹೊರಗೂ. ಕೆಲವು ವಾರ ಬಿಟ್ಟು ಮೆಟ್ಟಿಲಿಳಿದು ಹೋಗಿ, ಗುರುತು ಹಾಕಿದ್ದ ಪುಟ ತೆಗೆದು ಓದೋಕೆ ಶುರು ಮಾಡಿದ್ರು. ಪುಸ್ತಕ ಓದಿಸೋ ಕಂಪನಿಯವರು ವಾಪಸ್ ಕಳಿಸಿದ್ರು: "ಮೊದಲರ್ಧಕ್ಕೂ ಇದಕ್ಕೂ ಹೊಂದ್ತಾ ಇಲ್ಲ, ರೂಮು ಮೊಳಗ್ತಿದೆ, ಏನನ್ನ ಹೊರಗೆ ಹಾಕಿದ್ರಿ?" ಆಯಮ್ಮ, "ಏನೂ ಇಲ್ಲ," ಅಂದ್ರು. ಮತ್ತೆ ಓದಿ ಕಳಿಸಿದ್ರು, ಮತ್ತೆ ವಾಪಸ್. ಸರಿಹೋಗದಿದ್ರೆ ಇಡೀ ಪುಸ್ತಕ ಬೇರೆಯವರ ಕೈಲಿ ಓದಿಸ್ತೀವಿ ಅಂತ ಕೊನೆಗೆ ಹೇಳಿಬಿಟ್ರು. ಯಜಮಾನರು ಕೇಳಿದ ಆ ಅರ್ಧವೂ ಕಸದ ಬುಟ್ಟಿಗೆ... ಆಗ ನನ್ನ ಕರೆಸಿದ್ದು.

"ಅಣ್ಣಾ, ಈ ರೂಮು ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ," ಅಂದ್ರು. ಅಷ್ಟೇ ಮಾತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆಯಮ್ಮನ ಧ್ವನಿಯೇ ಸೋತಿರಬೇಕು, ರೂಮಿನ ಮೇಲೆ ಹಾಕ್ತಿದ್ದಾರೆ ಅಂದ್ಕೊಂಡು ಇಳಿದೆ ನಾನು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ಟಣ್ ಅಂತ ನಾಲ್ಕೂ ಗೋಡೆ ತಿರುಗಿ ಬೈದವು! ಸರಿ, ಶುರು ಮಾಡಿದೆ. ಮರದ ಚೌಕಟ್ಟಿಗೆ ಶಬ್ದ ಹೀರೋ ನಾರು ತುಂಬಿ ಬಟ್ಟೆ ಎಳೆದು ಗೋಡೆಗೆ ಹಾಕಿದೆ, ಚೌಕಟ್ಟಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟೆ. ಸೂರಿಗೆ ಒಂದು ತೂಗುಹಾಕಿದೆ. ನೀರಿನ ಪೈಪಿಗೆ ಕಂಬಳಿ ಸುತ್ತಿದೆ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಹಳೇದು ಕೇಳೋದು, ಹೊಸದು ಕೇಳೋದು... ಈಗ ಬೀರುವಿನೊಳಗೆ ಕೂತು ಮಾತಾಡಿದ ಹಾಗೆ ಕೇಳಿಸ್ತು. ಒಂದು ತೆಗೆದೆ, ಮೊಳಗಿತು. ಹಾಕಿದೆ, ಸತ್ತುಹೋಯ್ತು. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗೆ. ಹಳೇ ರೆಕಾರ್ಡಿಂಗಿನ ಆ ಹದ ಮಾತ್ರ ಬರಲಿಲ್ಲ.

ಸಾಕಾಗಿ ಪ್ಯಾನೆಲ್ಲೆಲ್ಲ ಕಳಚಿಟ್ಟು ಮೂಲೇಲಿದ್ದ ಮರದ ಕುರ್ಚಿಯಲ್ಲಿ ಕೂತೆ. ಕೂತ ಮೇಲೆ ಆಯಮ್ಮ ಒಂದು ಸಾಲು ಓದಿದ್ರು ನೋಡಿ... ಅದೇ ಹದ!

"ತಾಯಿ, ಇಲ್ಲಿ ಯಾರು ಕೂರ್ತಿದ್ರು?"

"ಅವರು."

ಮನುಷ್ಯ ಅಂದ್ರೆ ಏನು ಹೇಳಿ? ನಮ್ಮ ಕಸುಬಿನ ಲೆಕ್ಕದಲ್ಲಿ ಒಂದು ಹತ್ತಿ ಮೂಟೆ. ಖಾಲಿ ಮನೆಗೆ ಬಾಡಿಗೆಗೆ ಹೋದ ದಿನ ಹೇಗೆ ಮೊಳಗುತ್ತೆ, ನೆಂಟರು ತುಂಬಿದ ದಿನ ಹೇಗೆ ಮೆತ್ತಗಾಗುತ್ತೆ? ಮೈ ಶಬ್ದ ಕುಡಿಯುತ್ತೆ. ಆ ತಗ್ಗು ಸೂರಿನ ಪುಟ್ಟ ರೂಮಿಂದ ಕಮ್ಮಿಯಾಗಿದ್ದು ಪ್ಯಾನೆಲ್ ಅಲ್ಲ... ಒಬ್ಬ ಗಂಡಸು. ಸ್ವೆಟರ್ ಸಮೇತ.

ಇದಕ್ಕೂ ನಮ್ಮಲ್ಲಿ ಉಪಾಯ ಇದೆ. ದೊಡ್ಡ ಸಭಾಂಗಣದ ಕುರ್ಚಿಗೆ ಯಾಕೆ ಅಷ್ಟು ದಪ್ಪ ಮೆತ್ತೆ ಗೊತ್ತಾ? ಜನ ಬರದಿದ್ರೂ ಜನ ಕೂತ ಹಾಗೆ ಶಬ್ದ ಕುಡೀಲಿ ಅಂತ. ಹಾಗೇ ಒಂದು ಮೆತ್ತೆಕುರ್ಚಿ ಮಾಡ್ತೀನಿ ತಾಯಿ, ತುಂಬೋಕೆ ಹಳೇ ಬಟ್ಟೆ ಇದ್ರೆ ಕೊಡಿ ಅಂದೆ. ಆಯಮ್ಮ ಮೇಲೆ ಹೋಗಿ ಸ್ವೆಟರು, ಕೋಟು, ಮಫ್ಲರ್ ಎಲ್ಲ ತಂದು ಸುರಿದ್ರು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಪೇಪರ್‌ನವನಿಗೆ ರದ್ದಿ ಹಾಕೋ ಹಾಗೆ. ಅವನ್ನೇ ತುಂಬಿ ಹೊಲಿದೆ. ಮರದ ಕುರ್ಚಿನ ಮೇಲಕ್ಕೆ ಸಾಗಿಸಿ ಇದನ್ನ ಮೂಲೆಗಿಟ್ಟೆ, ಕಳಚಿದ್ದ ಪ್ಯಾನೆಲ್ಲೆಲ್ಲ ಹೊರಗೆ ಹೊತ್ತೊಯ್ದೆ. ಆಯಮ್ಮ ಓದಿ ಕಳಿಸಿದ್ರು. ಕಂಪನಿಯವರು ಒಪ್ಪಿಕೊಂಡ್ರು. ಎರಡು ಅಧ್ಯಾಯ ಸಲೀಸಾಗಿ ಹೋಯ್ತು. ನಾನು ಮೀಸೆ ತಿರುವಿಕೊಂಡೆ.

ಮೂರನೇದು ವಾಪಸ್ ಬಂತು... ಈಗ ಮೊಳಗ್ತಿದೆ ಅಂತಲ್ಲ. ಉಸಿರುಗಟ್ಟಿದ ಹಾಗಿದೆ ಅಂತ.

ಹೋದೆ. ನಡುಮಧ್ಯಾಹ್ನ, ಬೀದೀಲಿ ಮಕ್ಕಳು ಆಡ್ತಿದ್ವು, ಹೆದರಿಕೊಳ್ಳೋ ಹೊತ್ತೇ ಅಲ್ಲ. ಮೂಲೇಲಿ ನಿಂತು ಚಪ್ಪಾಳೆ ತಟ್ಟಿದೆ, ಸರಿ ಇತ್ತು. ಕಪಾಟಿನ ಹತ್ತಿರ ತಟ್ಟಿದೆ, ಸರಿ ಇತ್ತು. ಆಯಮ್ಮ ಕೂರೋ ಸ್ಟೂಲಿನ ಹಿಂದೆ ಬಂದು ತಟ್ಟಿದೆ... ಶಬ್ದ ನನ್ನ ಅಂಗೈ ಬಿಟ್ಟು ಹೊರಡಲೇ ಇಲ್ಲ! ದಿಂಬಿಗೆ ಹೊಡೆದ ಹಾಗೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತಟ್ಟಿದೆ, ಸರಿ ಇತ್ತು. ವಾಪಸ್ ಬಂದು ತಟ್ಟಿದೆ, ಥಪ್. ಅಲ್ಲಿ ಏನಿತ್ತು ಅಂತೀರಿ? ಬರೀ ನೆಲ, ಬರೀ ಗಾಳಿ.

ಆಯಮ್ಮ ಪುಸ್ತಕ ಮಡಿಲಲ್ಲಿಟ್ಟುಕೊಂಡು ನನ್ನ ನೋಡ್ತಿದ್ರು. "ಕುರ್ಚಿ ತುಂಬಿಬಿಟ್ರಿ ಅಣ್ಣಾ," ಅಂದ್ರು, ಹಾಲು ಒಡೆದಿದೆ ಅಂತ ಹೇಳೋ ದನೀಲಿ. "ಅವರೆಲ್ಲಿ ಕೂರ್ಬೇಕು? ನಿಂತ್ಕೊಂಡೇ ಕೇಳ್ತಿದ್ದಾರೆ. ದಿನಾ ಒಂಚೂರು ಹತ್ತಿರ ಬರ್ತಾರೆ. ಬೀಗದ ಕೈನೂ ಫ್ರಿಜ್ಜಲ್ಲೇ ಸಿಗ್ತಿದೆ. ನಾನಿಟ್ಟಿದ್ದಲ್ಲ."

"ಹೆದರಿಕೆ ಆಗಲ್ವಾ ತಾಯಿ?"

ಯೋಚನೆ ಮಾಡಿದ್ರು. "ಆಗಬೇಕು ಅಲ್ವಾ?" ಅಂದ್ರು.

ಇನ್ನೇನು ಮಾತು? ಆ ಮೆತ್ತೆಕುರ್ಚಿ ಎತ್ಕೊಂಡು ಮೆಟ್ಟಿಲು ಹತ್ತಿದೆ. ಹಳೇ ಮರದ ಕುರ್ಚಿ ಇಳಿಸಿ, ಧೂಳು ಒರೆಸಿ, ಮೂಲೇಲಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಚಪ್ಪಾಳೆ ತಟ್ಟಿದೆ... ಮೊದಲರ್ಧದ ಹದ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದ ಹಾಗೆ. ಮರದ ಕುರ್ಚಿ ಶಬ್ದ ಕುಡಿಯುತ್ತಾ? ನೀವೇ ಹೇಳಿ.

ಕೊನೇ ಅಧ್ಯಾಯದ ದಿನ ನಾನೂ ಹೋಗಿದ್ದೆ, ಮೆಟ್ಟಿಲ ಮೇಲೆ ಕೂತಿದ್ದೆ. ಆ ಕತೇಲಿ ತಮ್ಮ ಬರ್ತಾನೆ. ಎಲ್ಲರೂ ಕಾಯೋದು ಬಿಟ್ಟ ಮೇಲೆ ಬರ್ತಾನೆ, ಬಾಗಿಲು ತಟ್ಟದೆ ಒಳಗೆ ಬಂದು ತನ್ನ ಜಾಗದಲ್ಲಿ ಕೂರ್ತಾನೆ. ಆಯಮ್ಮ ಕೊನೇ ಸಾಲು ಓದಿ, ಪುಸ್ತಕ ಮುಚ್ಚಿ, ಮೂಲೆ ಕಡೆ ತಿರುಗಿ ಒಂದು ಚಪ್ಪಾಳೆ ತಟ್ಟಿದ್ರು.

ಟಣ್...

ಖಾಲಿ ಕೊಡ ಬಡಿದ ಹಾಗೆ ಮೊಳಗಿತು ರೂಮು. ಅವರು ಕೇಳಬೇಕಾದ್ದು ಕೇಳಿ ಆಗಿತ್ತು. ಎದ್ದು ಹೋಗಿದ್ರು.

ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಆಯಮ್ಮ ಮತ್ತೆ ತಟ್ಟಿದ್ರು, ಟಣ್. ಮತ್ತೆ ತಟ್ಟಿದ್ರು. ಅಂಗೈ ಕೆಂಪಾಗೋವರೆಗೂ ತಟ್ಟಿದ್ರು. ಆಮೇಲೆ ಕಪಾಟಿಗೆ ಕೈ ಹಾಕಿ ಸಿಕ್ಕಿದ್ದನ್ನ ಎಳೆದ್ರು. ಏನು ಸಿಕ್ತು ಅಂತೀರಿ? ವಾಷಿಂಗ್ ಮೆಷೀನಿನ ಜೊತೆ ಕೊಡ್ತಾರಲ್ಲ, ಹೇಗೆ ಬಳಸಬೇಕು ಅನ್ನೋ ಪುಸ್ತಕ, ಅದು. ಅದನ್ನೇ ಬಿಡಿಸಿ, "ಮೊದಲು ನೀರಿನ ಕೊಳವೆಯನ್ನು ಜೋಡಿಸಿ..." ಅಂತ ಓದೋಕೆ ಶುರು ಮಾಡಿದ್ರು, ಅದೇ ಏರಿಳಿತ, ಅದೇ ನಿಲುಗಡೆ. ನಗಬೇಡಿ ಮಾವ, ಆವತ್ತು ನನಗೆ ನಗು ಬರಲಿಲ್ಲ. ಎರಡನೇ ಪುಟ ತಿರುವೋ ಹೊತ್ತಿಗೆ ನಾನು ಮೆಟ್ಟಿಲ ಮೇಲಿಂದ ಚಪ್ಪಾಳೆ ತಟ್ಟಿದೆ.

ಥಪ್.

*

ತಾತ ಲೋಟದ ತಳದಲ್ಲಿದ್ದ ತಣ್ಣನೆಯ ಚಹಾ ಕುಡಿದು ಮುಗಿಸಿದರು. ವಿಲನ್ ಮಾವ, "ಒಳ್ಳೇ ಕತೆ ಕಟ್ತೀರಿ ಬಿಡಿ," ಎಂದರೂ ಅವರ ಗುಡುಗು ಎಲ್ಲೋ ಅಡಗಿತ್ತು. ಓದುವಮ್ಮನ ಧ್ವನಿಮುದ್ರಣಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಹಲವು ವರ್ಷಗಳಿಂದ ನನ್ನದೇ. ಒಂದು ಪುಸ್ತಕದ ಕೊನೆಯ ವಾಕ್ಯಕ್ಕೂ ಮುಂದಿನ ಪುಸ್ತಕದ ಹೆಸರಿಗೂ ನಡುವೆ ಆಕೆ ಒಂದು ಉಸಿರಿನಷ್ಟು ಜಾಗವನ್ನೂ ಬಿಡುವುದಿಲ್ಲ. ಎಲ್ಲಿ ಕತ್ತರಿ ಹಾಕುವುದೆಂದು ಪ್ರತಿ ಸಲವೂ ತಿಣುಕುತ್ತೇನೆ. ಅದನ್ನು ನಾನು ಅವಸರದ ಅಭ್ಯಾಸವೆಂದುಕೊಂಡಿದ್ದೆ. ಹಾಗೆಂದು ತಾತನಿಗೆ ಹೇಳಿದೆ. ಅವರು ತಲೆದೂಗಿದರು, ಗೊತ್ತಿದ್ದದ್ದನ್ನೇ ಕೇಳಿದವರಂತೆ.

ತಗಡಿನ ಮೇಲೆ ಮಳೆ ತೆಳುವಾಗಿ, ಹನಿಗಳಾಗಿ, ನಿಂತಿತು. ಕೆಲಸಕ್ಕೆ ತಕ್ಕ ಮೌನ ಬಂದಿತ್ತು. ಯಾರೂ ಏಳಲಿಲ್ಲ.

"ತಾತ," ಎಂದಳು ಗುಬ್ಬಿ, "ಮೊನ್ನೆ ಹೋದಾಗ ಆ ಮೂಲೇಲಿ ಎರಡು ಕುರ್ಚಿ ಇತ್ತು. ಇನ್ನೊಂದು ಯಾರಿಗೆ ಅಂತ ಕೇಳಿದೆ. ಇಷ್ಟು ವರ್ಷ ಓದಿದ್ದಾಯ್ತು, ಇನ್ಮೇಲೆ ಕೂತು ಕೇಳ್ತೀನಿ ಅಂದ್ರು."

ತಾತ ಕೈಚೀಲಕ್ಕೆ ಅಂಟಿನ ಟ್ಯೂಬು ಹಾಕಿಕೊಂಡು ಎದ್ದರು. ಬಾಗಿಲನ್ನು ಒಮ್ಮೆ ಮುಚ್ಚಿ, ಒಮ್ಮೆ ತೆರೆದು, ಹೊಸ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದರು.

"ಸೋಮವಾರ ಇಳಿದ ಕೂಡಲೇ ಒಂದು ಚಪ್ಪಾಳೆ ತಟ್ಟಮ್ಮ. ಮೊಳಗಿತು ಅಂದ್ರೆ ಏನೂ ಯೋಚನೆ ಇಲ್ಲ, ಅಲ್ಲಿ ಕೇಳೋಕೆ ಯಾರೂ ಇಲ್ಲ, ಹಾಗೇ ಹಿಂದಕ್ಕೆ ಮೆಟ್ಟಿಲು ಹತ್ತಿ ಬಂದುಬಿಡು. ಮೊಳಗಲಿಲ್ಲ ಅಂದ್ರೆ... ಕಾಯಿಸಬೇಡ, ಓದೋಕೆ ಶುರು ಮಾಡು. ಓದು ಮುಗಿಸಿ ಅಲ್ಲಿಂದ ಎದ್ದು ಬರೋದು ಹೇಗೆ ಅಂತ ಮಾತ್ರ ನನ್ನ ಕೇಳಬೇಡ. ಆಯಮ್ಮನಿಗೆ ಇಷ್ಟು ವರ್ಷವಾದ್ರೂ ಅದು ಗೊತ್ತಾಗಿಲ್ಲ."