ಸುಮ್ಮನಾದ ಎದೆ
ಚಿತ್ರದುರ್ಗದ ಆಸ್ಪತ್ರೆಯೊಂದರ ಐಸಿಯು ಹೊರಗೆ ನಾನು ಪೇಪರು ಹಿಡಿದು ಕೂತಿದ್ದೆ, ಓದುತ್ತಿರಲಿಲ್ಲ. ಪಕ್ಕದಲ್ಲಿ ಮತ್ತೋಡು ಕಡೆಯ ಕುರಿಗಾಹಿ ಪಾಲಣ್ಣ, ಅವನ ಸೊಸೆ ಯಶೋದಾ. ಒಳಗೆ ಅವನ ಹೆಂಡತಿ ಕಾಟಮ್ಮ. ಉಬ್ಬಸ ವಿಪರೀತವಾಗಿ, ಮೂರು ದಿನದಿಂದ ಗಂಟಲಿಗೆ ಕೊಳವೆ ಹಾಕಿ ಮಷೀನಿನಲ್ಲಿ ಉಸಿರಾಡಿಸುತ್ತಿದ್ದರಂತೆ.

"ಮಾವ, ಒಂಚೂರು ಚಾ ಕುಡೀರಿ."

"ಬ್ಯಾಡ. ಡಾಕ್ಟ್ರು ಏನಂದ್ರು, ಇನ್ನೊಂದ್ಸಲ ಹೇಳವ್ವ."

"ಎದೆ ಗುಯ್‌ಗುಟ್ಟೋದು ನಿಂತ್ರೆ ವಾಸಿ ಆತು ಅಂತ ಅಲ್ವಂತೆ. ಗಾಳಿನೇ ಒಳಕ್ಕೆ ಹೋಗ್ತಿಲ್ಲ ಅಂತಂತೆ."

"ಅವತ್ತು ಬೆಳಗಿಂದ ಒದ್ದಾಡಿದ್ಲು, ಸದ್ಯ ನಿದ್ದೆ ಹತ್ತಿತು ಅಂದ್ಕಂಡೆ."

"ನಾನೂ ಹಂಗೇ ಅಂದ್ಕಂಡಿದ್ದೆ ಮಾವ. ತುಟಿ ನೀಲಿ ಆಗಿದ್ದು ನೋಡಿದ್ಮ್ಯಾಲೆ ಆಂಬುಲೆನ್ಸಿಗೆ ಫೋನ್ ಮಾಡಿದ್ದು. ಅವ್ರು ಬಂದೋರೇ, ಮಲಗಿಸಬ್ಯಾಡ್ರಿ, ಎತ್ತಿ ಕೂರಿಸ್ರಿ ಅಂದ್ರು."

"ನಿನ್ನ ಮಾತು ಬ್ಯಾರೆ. ಮಂದೇಲಿ ಒಂದು ಕುರಿ ಸದ್ದಿಲ್ದೆ ಮಲಗಿದ್ರೆ ಹೋಗಿ ಮುಟ್ಟಿ ನೋಡೋನು ನಾನು. ಇವಳು ಸುಮ್ಕಾದ್ರೆ, ಕಂಬಳಿ ಹೊದ್ಸಿ ಕುರಿ ಹೊಡ್ಕಂಡು ಹೋದೆ."

ಯಶೋದಾ ಲೋಟವನ್ನು ಬೆಂಚಿನ ಕೆಳಗಿಟ್ಟಳು. ಚಾ ತಣ್ಣಗಾಗಿತ್ತು.

ಬಾಗಿಲು ತೆರೆದು ನರ್ಸ್ ಇಣುಕಿದರು.

"ಕಾಟಮ್ಮನ ಕಡೆಯೋರು ಬರ್ರಿ. ಕೊಳವೆ ತೆಗ್ದೀವಿ, ಅವರೇ ಉಸಿರಾಡ್ತಾ ಅವ್ರೆ."

ಒಳಗಿಂದ ಒಂದು ಕೆಮ್ಮು ಕೇಳಿಸಿತು. ದಡಬಡನೆ ಎದ್ದ ಪಾಲಣ್ಣ ಬಾಗಿಲಲ್ಲೇ ನಿಂತುಬಿಟ್ಟ.

"ನಡೀರಿ ಮಾವ."

"ತಡಿಯವ್ವ. ಇನ್ನೊಂದ್ಸಲ ಕೆಮ್ಮಲಿ."

ಕಾಟಮ್ಮ ಮತ್ತೆ ಕೆಮ್ಮಿದಳು. ಇಬ್ಬರೂ ಒಳಗೆ ಹೋದರು.