ಸಾರೋಟಿನವನ ಬಟ್ಟಲು

...ಅಯ್ಯೋ, ಹೊಸ್ತಿಲಲ್ಲೇ ಯಾಕಮ್ಮ ನಿಂತೆ? ಬಾ, ಹೆಸ್ಟರ್. ಆ ಒಳಬಾಗಿಲ ಕಡೆ ಬೇಡ, ಇಲ್ಲಿ ಕೂತ್ಕೋ, ಬೆಂಕಿ ಹತ್ರ. ನಿನ್ನ ಗಂಡ ತಾನೇ? ಬರ್ತಾನೆ ಬಿಡು! ಜೇಬೆಜ್ ಎಲ್ಲಿಗೆ ಹೋಗ್ತಾನೆ? ಕುದುರೆಗಳಿಗೆ ನೀರು ಕುಡಿಸ್ತಿರಬೇಕು.

ಏನು, ಲಾಯ ನೋಡ್ಕೊಂಡೇ ಬಂದ್ಯಾ? ಹಾಗಾದ್ರೆ... ಇಲ್ಲೇ ಎಲ್ಲೋ ಇರ್ತಾನೆ.

ನಮ್ಮ ಪಬ್ಬಿನ ಈ ಸಲದ ಪ್ರವಾಸ ಏನು ಸೊಗಸಾಗಿತ್ತು ಅಂತೀಯ! ಪಕ್ಕದೂರಿನ ಪಬ್ಬಿನವರು ಮೋಟಾರಲ್ಲಿ ಹೋದ್ರಂತೆ. ಹೋಗ್ಲಿ! ನಮಗೆ ನಮ್ಮ ಸಾರೋಟು, ನಮ್ಮ ಜೇಬೆಜ್. ವಿಟ್ಬೀಲಿ ಸಮುದ್ರ ಕಂಡಿದ್ದೇ ತಡ, ಮುದುಕ ಸೈಲಸ್ ಪ್ಯಾಂಟು ಮಡಚಿ ನೀರಿಗಿಳಿದ, ಮೇಲೆ ಬರೋಕೆ ಒಪ್ಪಲೇ ಇಲ್ಲ! ನಗಮ್ಮ ಸ್ವಲ್ಪ. ನಗಬಾರ್ದಾ?

ಕುಡಿದ್ನಾ ಅಂತ ತಾನೇ ಆ ನೋಟ? ಛೇ ಛೇ! ನಿನಗೆ ಮಾತು ಕೊಟ್ಟಿದ್ದೆನಲ್ಲ, ಈ ಎನೋಕ್ ಜೊತೇಲಿರೋವರೆಗೂ ಅವನು ಒಂದು ತೊಟ್ಟೂ ಮುಟ್ಟಲ್ಲ ಅಂತ. ಮಗು ಹುಟ್ಟಿದಾಗಿಂದ ಬಿಟ್ಟಿದಾನೆ ಪಾಪ. ವಾಪಸು ಹೊರಡೋ ಮುಂಚೆ ಸಾರೋಟು ಹೊಡೆಯೋನು ಎಲ್ಲರ ಹೆಸರಲ್ಲಿ ಒಂದು ಬಟ್ಟಲು ಕುಡೀಬೇಕು, ಪದ್ಧತಿ ನಿನಗೂ ಗೊತ್ತು. ಕುಡೀದಿದ್ರೆ ದಾರಿ ಕೆಡುತ್ತೆ ಅಂತಾರೆ. ಅದಕ್ಕೂ ಅವನು ಶುಂಠಿ ಪಾನಕಾನೇ ಕೇಳಿದ. ನಾನೇ ಕೈಯಾರೆ ತಂದುಕೊಟ್ಟೆ.

ಬರೀ ಶುಂಠಿ ಪಾನಕ! ಒಂದೇ ಗುಟುಕಿಗೆ ಇಳಿಸಿದ. ಆಮೇಲೆ ಹಾಡೋಕೆ ಶುರು ಹಚ್ಕೊಂಡ ನೋಡು, ನಾವೆಲ್ಲ ಬಿದ್ದು ಬಿದ್ದು ನಕ್ವಿ... ಅಲ್ಲ, ಖುಷಿಗೆ ಹಾಡಿದ ಕಣಮ್ಮ. ಗುಡ್ಡದ ಇಳಿಜಾರಲ್ಲಿ ಭಾರ ಕಮ್ಮಿ ಆಗ್ಲಿ ಅಂತ ನಾವು ಇಳಿದು ನಡೀತಿದ್ವಿ. ಅವನೊಬ್ಬನೇ ಸಾರೋಟಿನ ಮೇಲೆ, ಎದ್ದು ನಿಂತ್ಕೊಂಡು, ಹಾಡ್ತಾ... ಕುದುರೆಗಳಿಗೇನೂ ಆಗಿಲ್ಲ.

ಕೂತ್ಕೋ! ಆ ಬಾಗಿಲನ್ನೇ ಯಾಕೆ ನೋಡ್ತೀಯಾ? ಪ್ರವಾಸದ ಊಟ ಪ್ರತಿ ವರ್ಷ ಆ ಕೋಣೇಲಿ ತಾನೇ? ಎಲ್ಲರೂ ಉಣ್ತಿದಾರೆ.

ಯಾಕೆ ಹಾಗೆ ಕಿವಿಗೊಟ್ಟು ಕೇಳ್ತೀಯಾ?... ಹೌದು. ಸದ್ದಿಲ್ಲ. ತಟ್ಟೆ ಸದ್ದೂ ಇಲ್ಲ.

ಹೆಸ್ಟರ್... ಬೈಯಮ್ಮ. ಹೊಡಿ. ತಮಾಷೆಗೆ ಆ ಪಾನಕಕ್ಕೆ ಹಾಕ್ದೆ ಕಣಮ್ಮ. ಜಿನ್ನು ಸಾರಾಯಿ. ಶುಂಠಿ ಘಾಟಿಗೆ ಗೊತ್ತಾಗಲ್ಲ ಅಂತ... ಅವನಿಗೆ ಗೊತ್ತೇ ಆಗ್ಲಿಲ್ಲ. ನಿನಗೆ ಕೊಟ್ಟ ಮಾತು ಅವನು ಮುರೀಲಿಲ್ಲ. ಮುರಿದೋನು ನಾನು.

ತಡಿ, ತಡಿಯಮ್ಮ! ಈಗಲೇ ಒಳಗೆ ಹೋಗಬೇಡ. ಬಿದ್ದವನನ್ನ ಎತ್ತಿ ತಂದು ಊಟದ ಮೇಜಿನ ಮೇಲೇ ಮಲಗಿಸಿದೀವಿ. ಮುಖ ಇನ್ನೂ ತೊಳೆದಿಲ್ಲ.