ಬಿಸಿಲಿಗೆ ಹರವಿದ ಮರಳು

ಲ್ಯಾಬಿನ ಹುಡುಗಿ ಮರಳು ತುಂಬಿದ ಕಬ್ಬಿಣದ ಪೈಪನ್ನು ಮಡಿಲಲ್ಲಿ ಹೊರಳಿಸಿ ನೋಡಿದಳು. "ನಿಮ್ಮನೇಲಿಟ್ಟು ಹೋದಾಗ ಕಪ್ಪು ಟೇಪು ಸುತ್ತಿದ್ದೆ. ಯಾರು ಬಿಚ್ಚಿದ್ದು, ಶಾಮಲಮ್ಮನೋರೇ?"

ಮುಳಬಾಗಿಲು ಬಸ್ ನಿಲ್ದಾಣದಲ್ಲಿ, ಪಕ್ಕದಲ್ಲೇ ಹೂವು ಕಟ್ಟುತ್ತಾ ಇವರ ಮಾತು ಕೇಳಿಸಿಕೊಳ್ಳುತ್ತಿದ್ದ ಗಂಗರತ್ನಮ್ಮನ ಕೈ ನಿಧಾನವಾಯಿತು.

"ನಾನೇ ಕಣಮ್ಮಾ," ಎಂದರು ಶಾಮಲಮ್ಮ. "ಸಮಾಧಿ ಕಲ್ಲಿನಡಿ ತೆಗೆದ ಮರಳು ಒದ್ದೆಯಿತ್ತು. ಬೂಷ್ಟು ಹಿಡಿಯುತ್ತೇಂತ ರಾಗಿ ಥರ ಮಾಳಿಗೆ ಮೇಲೆ ಹರವಿ, ಒಣಗಿಸಿ ತುಂಬ್ದೆ."

"ಬಿಸಿಲಲ್ಲಾ? ಲ್ಯಾಬಲ್ಲಿ ನಾವು ಮಂಕು ಕೆಂಪು ದೀಪದಲ್ಲೇ ಬಿಚ್ಚೋದು. ಆಮೇಲೆ ನೀಲಿ ಬೆಳಕು ಬಿಟ್ರೆ, ಕತ್ತಲಲ್ಲಿ ಎಷ್ಟು ಕಾಲ ಇತ್ತೋ ಅಷ್ಟು ಮರಳು ಮಿನುಗುತ್ತೆ. ಅದರಿಂದ್ಲೇ ಸಮಾಧಿ ಕಲ್ಲು ಎಷ್ಟು ವರ್ಷದಿಂದ ಮೇಲಿತ್ತೂಂತ ಗೊತ್ತಾಗೋದು. ಬಿಸಿಲು ಬಿದ್ರೆ ಆ ಮಿನುಗೆಲ್ಲಾ ಅಳಿಸಿಹೋಗುತ್ತೆ."

"ಅಯ್ಯೋ ದೇವುಡಾ!" ಶಾಮಲಮ್ಮ ಹಣೆ ಹಿಡಿದುಕೊಂಡರು. "ಸ್ಮಶಾನ ಹಳೇದೂಂತ ಕೋರ್ಟಿಗೆ ತೋರಿಸ್ದಿದ್ರೆ ಲೇಔಟ್‌ನೋರು ಬಿಡ್ತಾರಾ?"

"ಇನ್ನೊಂದು ಹಳೇ ಕಲ್ಲಿನಡಿ ತೆಗೆಯೋಣ."

"ಎಲ್ಲಿದೆ? ನಿನ್ನೆ ಜೆಸಿಬಿ ತಂದು ಎಲ್ಲಾ ಕಿತ್ತಾಕಿದ್ರು. ಉಳಿದಿರೋದು ನಮ್ಮೆಜಮಾನ್ರದ್ದು ಒಂದೇ. ಹೋದ ವರ್ಷ ಇಟ್ಟ ಕಲ್ಲು."

ಕೋಲಾರದ ಬಸ್ಸು ಬಂತು. ಹುಡುಗಿ ಎದ್ದಳು. ಶಾಮಲಮ್ಮ ಅವಳ ಚೀಲ ಹಿಡಿದುಕೊಂಡೇ ಬಾಗಿಲವರೆಗೆ ಬಂದರು.

"ಅದರಡಿ ಮರಳು ತಗೊಳಮ್ಮಾ. ನಾನೇ ಅಗೆದು ಕೊಡ್ತೀನಿ, ಅವರೇನೂ ಅಂದ್ಕೊಳಲ್ಲ. ನೀನು ರಿಪೋರ್ಟಲ್ಲಿ ಹಳೇದೂಂತ ಬರಿ, ಸಾಕು."

"ಬರೆಯಲ್ಲ," ಎಂದು ಹುಡುಗಿ ಬಸ್ಸು ಹತ್ತಿದಳು.